ವಿಮಾನಕ್ಕೆ 25 ವರ್ಷ, ರೈತನಿಗೆ 30 ದಿನ

ಜಂಗಮಕೋಟೆ ಹೋಬಳಿಯಲ್ಲಿ 2,800ಕ್ಕೂ ಹೆಚ್ಚು ಎಕರೆ ಜಮೀನಿನ ಮೇಲೆ ಕೆಐಎಡಿಬಿ ಕಣ್ಣು ಹಾಕಿದಾಗಿನಿಂದ ಒಂದು ಮಾತು ಪದೇ ಪದೇ ಕೇಳುತ್ತಿದೆ: "ದೇವನಹಳ್ಳಿ ಏರ್‌ಪೋರ್ಟ್ ಹತ್ತಿರವೇ ಇದೆಯಲ್ಲ, ಕೈಗಾರಿಕೆ ಬಂದರೆ ಒಳ್ಳೆಯದೇ ತಾನೇ?" ಹತ್ತಿರ ಇದೆ, ನಿಜ. ಹತ್ತಿರ ಇದ್ದರೆ ನಮ್ಮ ಬೆಳೆಗೆ ಬೆಲೆ ಬರಬೇಕಿತ್ತು. ಜಮೀನೇ ಹೋಗಬೇಕು ಅನ್ನುವುದು ಯಾವ ನ್ಯಾಯ?

ಆ ನಿಲ್ದಾಣ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ. ಅದನ್ನು ಕಟ್ಟಿದ ಕಂಪನಿ ಮೊದಲೇ ಕೇಂದ್ರ ಸರ್ಕಾರದಿಂದ ಒಂದು ಷರತ್ತು ಬರೆಸಿಕೊಂಡಿತು. 25 ವರ್ಷ ತುಂಬುವವರೆಗೆ 150 ಕಿ.ಮೀ. ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬರುವಂತಿಲ್ಲ, ಮೈಸೂರು ಮತ್ತು ಹಾಸನಕ್ಕೆ ಮಾತ್ರ ವಿನಾಯಿತಿ. ಬಂಡವಾಳ ಹಾಕಿದವರಿಗೆ ಧೈರ್ಯ ಬೇಕಲ್ಲ! ಬೋರ್‌ವೆಲ್ ಕೊರೆಸಿ, ಹುಳುಮನೆ ಕಟ್ಟಿಸಿದ ರೈತ ಹಾಕಿದ್ದೂ ಬಂಡವಾಳವೇ. ಅವನಿಗೆ ಕಾನೂನು ಕೊಡುವುದು, ನೋಟಿಸ್ ಕೈಸೇರಿದ ಮೇಲೆ ಆಕ್ಷೇಪಣೆಗೆ 30 ದಿನ. ಹುಳು ಚಾಕಿಯಿಂದ ಗೂಡಾಗುವಷ್ಟು ಹೊತ್ತು.

ಸಾಲದಲ್ಲಿ ಸೋತು ಜಮೀನು ಕೊಡುತ್ತೇನೆ ಎನ್ನುವವರನ್ನು ಬೈಯುವುದು ನನ್ನ ಕೆಲಸವಲ್ಲ. ಅವರು ಕೊಡಲಿ, ಒಳ್ಳೆಯ ಬೆಲೆಯೂ ಸಿಗಲಿ. ಆದರೆ ಅವರ ಒಪ್ಪಿಗೆ ತೋರಿಸಿ ಪಕ್ಕದ ಹೊಲದವನನ್ನು ಎಬ್ಬಿಸಬಾರದು. ಇನ್ನೊಂದು ಮಾತು: ಹಿಪ್ಪುನೇರಳೆ ಸೊಪ್ಪಿನ ಮೇಲೆ ಧೂಳು ಕೂತರೆ ಹುಳು ಸರಿಯಾಗಿ ತಿನ್ನುವುದಿಲ್ಲ. ಜಮೀನು ಉಳಿಸಿಕೊಂಡವನಿಗೂ ನೆಮ್ಮದಿ ಇರುವುದಿಲ್ಲ.

ಹೂವು, ತರಕಾರಿ ರಫ್ತಿನಲ್ಲಿ ಆ ನಿಲ್ದಾಣ ದೇಶದ ಮುಂಚೂಣಿಯಲ್ಲಿದೆ. ನಮ್ಮ ಜಿಲ್ಲೆ ಹೂವು ಬೆಳೆಯುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿಗೆ ಜಿಐ ಮಾನ್ಯತೆ ಇದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಜಂಗಮಕೋಟೆಯಲ್ಲಿ ಒಂದು ಕೋಲ್ಡ್ ಸ್ಟೋರೇಜ್, ಪ್ಯಾಕಿಂಗ್ ಶೆಡ್, ಅಲ್ಲಿಂದ ದಿನಕ್ಕೊಂದು ಲಾರಿ ಸೀದಾ ಕಾರ್ಗೋ ಗೇಟಿಗೆ. ಇಷ್ಟಕ್ಕೆ 2,800 ಎಕರೆ ಬೇಕೇ?

ಪಕ್ಕದ ಚನ್ನರಾಯಪಟ್ಟಣ ಹೋಬಳಿಯಲ್ಲೂ ವಿಮಾನದ ಹೆಸರಲ್ಲೇ, ಏರೋಸ್ಪೇಸ್ ಪಾರ್ಕಿಗೆಂದು, 1,777 ಎಕರೆ ಕೇಳಿದ್ದರು. ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನ ಕೈಬಿಡುವುದಾಗಿ ಹೇಳಿದರು. ಅಲ್ಲಿ ಆದದ್ದು ಇಲ್ಲಿಯೂ ಆಗಬೇಕು.

ಅದಕ್ಕೆ ಮೊದಲು ನಿಮ್ಮ ಪಹಣಿ ತೆಗೆಸಿ ನೋಡಿ. ಬೆಳೆ ಕಾಲಂನಲ್ಲಿ ಹಿಪ್ಪುನೇರಳೆ, ದ್ರಾಕ್ಷಿ ಬರೆದಿದೆಯೇ? ಇಲ್ಲದಿದ್ದರೆ ಈ ವಾರವೇ ಗ್ರಾಮ ಆಡಳಿತಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬೋರ್‌ವೆಲ್, ಹುಳುಮನೆ, ಮರಗಳ ಫೋಟೊ ಇಟ್ಟುಕೊಳ್ಳಿ. ಖಾಲಿ ಕಾಗದಕ್ಕೆ ಮಾತ್ರ ಯಾರು ಕೇಳಿದರೂ ಸಹಿ ಹಾಕಬೇಡಿ.