ಹಸಿರಾಗಿ ಕಂಡದ್ದೆಲ್ಲ ಬೆಳೆಯಲ್ಲ



ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ನೆಲೋಗಿ ಹೋಬಳಿಯ ಯಾವುದಾದರೂ ಎರೆಹೊಲದ ಒಡ್ಡಿನ ಮೇಲೆ ನಿಂತು ತೊಗರಿಯನ್ನು ನೋಡಿರಿ. ದೂರದಿಂದ ನೋಡಿದವರಿಗೆ ಹೊಲವೆಲ್ಲ ಹಚ್ಚಹಸಿರು. ಆದರೆ ಸಾಲಿನೊಳಗೆ ಇಳಿದು, ಟೊಂಗೆ ಬಗ್ಗಿಸಿ ನೋಡುವ ನಿಮಗೆ ನಿಜಸ್ಥಿತಿ ಗೊತ್ತು. ಹೂವು ನಿಂತಿದೆಯೋ ಉದುರಿದೆಯೋ, ಕಾಯಲ್ಲಿ ಕಾಳು ತುಂಬಿದೆಯೋ ಜೊಳ್ಳಾಗಿದೆಯೋ, ಕಾಯಿಕೊರಕ ಹುಳು ಹೊಕ್ಕಿದೆಯೋ ಎಂಬುದು ಹತ್ತಿರ ಹೋದವನಿಗೆ ಮಾತ್ರ ತಿಳಿಯುತ್ತದೆ.

ಹೀಗೆ ದೂರದಿಂದ ನೋಡುವವರ ಸಾಲಿಗೆ ಈಗ ಉಪಗ್ರಹವೂ ಸೇರಿದೆ. ಎಂಟುನೂರು ಕಿಲೋಮೀಟರು ಎತ್ತರದಿಂದ ಅದು ನಿಮ್ಮ ಹೊಲವನ್ನು ನೋಡುತ್ತದೆ. ಅದು ಹೇಳುವ ಮಾತಿಗೆ ಕಚೇರಿಗಳಲ್ಲಿ ಬೆಲೆಯೂ ಇದೆ. ಆದ್ದರಿಂದ ಅದು ಏನನ್ನು ಕಾಣಬಲ್ಲದು, ಏನನ್ನು ಕಾಣಲಾರದು ಎಂಬುದನ್ನು ರೈತರು ತಿಳಿಯಲೇಬೇಕು. ತಿಳಿಸಿಕೊಡುವ ಹೊಣೆ ಉಪಗ್ರಹ ಹಾರಿಸುವವರ ಮೇಲೂ ಇದೆ ಎಂಬುದು ನನ್ನ ಅಭಿಪ್ರಾಯ.

ಆಕಾಶದಿಂದ ಬಂದ ಕನ್ನಡ

ಇದು ಹೊಸ ಬೇಡಿಕೆಯಲ್ಲ. ಬಾಹ್ಯಾಕಾಶ ಸಂಸ್ಥೆಯೊಂದು ಹಳ್ಳಿಯ ಬಾಗಿಲಿಗೆ ಬಂದು ಪಾಠ ಹೇಳಿದ್ದನ್ನು ಕಂಡ ಜಿಲ್ಲೆ ನಮ್ಮದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ದೂರದರ್ಶನ ಪ್ರಯೋಗ ಹಿರಿಯರ ನೆನಪಿನಲ್ಲಿ ಇನ್ನೂ ಇರಬಹುದು. ನಮ್ಮ ಇಸ್ರೋ ಸಂಸ್ಥೆಯು ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾದಿಂದ ಒಂದು ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಕೆಗೆ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳುಹಿಸಿತು. ಕರ್ನಾಟಕದಲ್ಲಿ ಈ ಪ್ರಯೋಗಕ್ಕೆ ಆರಿಸಿದ್ದು ಆಗಿನ ಗುಲಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳನ್ನು.

ಹತ್ತು ಅಡಿ ಅಗಲದ, ತಂತಿಬಲೆಯಿಂದ ಮಾಡಿದ ಛತ್ರಿಯಂಥ ಆಂಟೆನಾ ಒಂದು, ಸಾರ್ವಜನಿಕ ಸ್ಥಳದಲ್ಲಿಟ್ಟ ಟಿ.ವಿ. ಪೆಟ್ಟಿಗೆ ಒಂದು, ಇಷ್ಟೇ ಸಲಕರಣೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಮುಖ್ಯ ವಿಷಯಗಳು. ಕನ್ನಡ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ವಿಜ್ಞಾನವು ಮೊದಲು ಬಡವನ ಕೆಲಸಕ್ಕೆ ಬರಬೇಕೆಂದು ಹಂಬಲಿಸಿದ ಡಾ. ವಿಕ್ರಮ್ ಸಾರಾಭಾಯಿಯವರ ಯೋಜನೆ ಇದು. 1971ರಲ್ಲಿಯೇ ತೀರಿಕೊಂಡ ಅವರಿಗೆ ಇದನ್ನು ಕಣ್ಣಾರೆ ಕಾಣುವ ಭಾಗ್ಯ ಇರಲಿಲ್ಲ.

ವರ್ಷ ತುಂಬಿದ ಮೇಲೆ ಉಪಗ್ರಹವನ್ನು ಹಿಂದಿರುಗಿಸಬೇಕಾಯಿತು. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಪ್ರಸಾರ ಆರಂಭವಾಯಿತೆಂಬುದು ನಿಜ. ಆದರೂ ಆ ಪ್ರಯೋಗದಲ್ಲಿ ಒಂದು ಕೊರತೆ ಉಳಿದಿತ್ತು. ಆಕಾಶ ಮಾತಾಡುತ್ತಿತ್ತು, ಹಳ್ಳಿ ಕೇಳುತ್ತಿತ್ತು. ಹಳ್ಳಿಯವನು ಮರುಪ್ರಶ್ನೆ ಹಾಕುವ ದಾರಿ ಆ ಪೆಟ್ಟಿಗೆಯಲ್ಲಿ ಇರಲಿಲ್ಲ.

ಉಪಗ್ರಹದ ಕಣ್ಣು

ಇಂದು ಪರಿಸ್ಥಿತಿ ಬೇರೆ. ಎರವಲು ತರುವ ಅಗತ್ಯವಿಲ್ಲ, ನಮ್ಮವೇ ಹಲವು ಉಪಗ್ರಹಗಳಿವೆ. 1979ರ ಭಾಸ್ಕರ, 1988ರ ಐ.ಆರ್.ಎಸ್.-1ಎ ಮೊದಲ್ಗೊಂಡು ಭೂಮಿಯನ್ನು ನೋಡುವ ಉಪಗ್ರಹಗಳನ್ನು ಇಸ್ರೋ ಹಾರಿಸುತ್ತಲೇ ಬಂದಿದೆ. ಅವು ಬೆಳೆಯನ್ನು ಗುರುತಿಸುವ ರೀತಿ ಕಷ್ಟದ್ದೇನಲ್ಲ. ಆರೋಗ್ಯವಾದ ಎಲೆಯು ಬಿಸಿಲಿನ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಹಳ ಮಟ್ಟಿಗೆ ಹಿಂದಕ್ಕೆ ಎಸೆಯುತ್ತದೆ. ಎಲೆ ಬಾಡಿದಾಗ ಈ ಲೆಕ್ಕ ತಪ್ಪುತ್ತದೆ. ಈ ಎರಡು ಬೆಳಕುಗಳನ್ನು ಅಳೆದು ಹೋಲಿಸಿದರೆ ಹಸಿರಿನ ಪ್ರಮಾಣ ಅಂಕಿಯಾಗಿ ದೊರೆಯುತ್ತದೆ. 1970ರ ಸುಮಾರಿನಲ್ಲಿಯೇ ಪಿ.ಆರ್. ಪಿಷರೋಟಿಯವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆಸಿ, ರೋಗ ಹತ್ತಿದ ಮರಗಳನ್ನು ಗುರುತಿಸಬಹುದೆಂದು ತೋರಿಸಿದರು. ನಮ್ಮ ದೇಶದಲ್ಲಿ ದೂರಸಂವೇದನೆ ಆರಂಭವಾದದ್ದೇ ಹೀಗೆ ರೈತನ ಬೆಳೆಯಿಂದ.

ಆದರೆ ಈ ಕಣ್ಣಿಗೆ ಮಿತಿಗಳಿವೆ. 2016ರಲ್ಲಿ ಹಾರಿದ ರಿಸೋರ್ಸ್‌ಸ್ಯಾಟ್-2ಎ ಉಪಗ್ರಹದ ಒಂದು ಕ್ಯಾಮೆರಾ ಐದು ದಿನಕ್ಕೊಮ್ಮೆ ಅದೇ ಜಾಗವನ್ನು ನೋಡುವಂತೆ ರಚಿಸಿದ್ದು. ಅದರ ಚಿತ್ರದ ಒಂದು ಚುಕ್ಕೆ ಸುಮಾರು 56 ಮೀಟರು ಉದ್ದಗಲ, ಎಂದರೆ ಮುಕ್ಕಾಲು ಎಕರೆ. ಇನ್ನೊಂದು ಕ್ಯಾಮೆರಾದ ಚುಕ್ಕೆ ಐದೂವರೆ ಗುಂಟೆಯಷ್ಟು, ಆದರೆ ಅದು ಮತ್ತೆ ಅಲ್ಲಿಗೆ ಬರುವುದು 24 ದಿನಕ್ಕೆ. ಆ ಒಂದು ಚುಕ್ಕೆಯೊಳಗೆ ತೊಗರಿ, ಅಕ್ಕಡಿ ಸಾಲಿನ ಹೆಸರು, ಒಡ್ಡಿನ ಮೇಲಿನ ಬೇವಿನ ಮರ, ಕೀಳದೆ ಬಿಟ್ಟ ಕಸ ಎಲ್ಲವೂ ಕಲಸಿ ಒಂದೇ ಬಣ್ಣವಾಗುತ್ತದೆ. ಅಲ್ಲೊಂದು ಇಲ್ಲೊಂದು ಗಿಡಕ್ಕೆ ನೆಟೆ ರೋಗ ಹತ್ತಿದರೆ ಅದಕ್ಕೆ ಸುಳಿವೇ ಸಿಗದು. ಮೇಲಾಗಿ ಮುಂಗಾರಿನಲ್ಲಿ, ಬೆಳೆ ಎದ್ದೇಳುವ ಹೊತ್ತಿನಲ್ಲಿಯೇ ಮೋಡ ಅಡ್ಡ ಬರುತ್ತದೆ. ಮೋಡದ ಮೂಲಕವೂ, ರಾತ್ರಿಯಲ್ಲಿಯೂ ನೋಡಬಲ್ಲ ರೇಡಾರ್ ಉಪಗ್ರಹಗಳು ಈ ಕೊರತೆಯನ್ನು ತುಂಬುತ್ತಿವೆ. 2022ರ ಫೆಬ್ರವರಿಯಲ್ಲಿ ಹಾರಿದ ಇ.ಒ.ಎಸ್.-04, ನಾಸಾದೊಡನೆ ಕೂಡಿ ಕಟ್ಟಿ 2025ರ ಜುಲೈ 30ರಂದು ಹಾರಿಸಿದ ನಿಸಾರ್ ಇಂಥವು. ನಿಸಾರ್ 12 ದಿನಕ್ಕೊಮ್ಮೆ ಅದೇ ನೆಲವನ್ನು ನೋಡುವಂತೆ ರಚಿತವಾಗಿದ್ದು, ಮಣ್ಣಿನ ತೇವವನ್ನು ಅಂದಾಜು ಮಾಡಲು ನೆರವಾಗಬಲ್ಲದು. ಆದರೂ ಕಾಯಿ ಬಿಡಿಸಿ ಕಾಳು ನೋಡುವ ಕಣ್ಣು ಯಾವ ಉಪಗ್ರಹಕ್ಕೂ ಇಲ್ಲ.

ಹಸಿರು ಬರದ ಪಾಠ

ಇದೆಲ್ಲ ವಿಜ್ಞಾನಿಗಳ ವಿಚಾರ, ನಮಗೇಕೆ ಎನ್ನದಿರಿ. 2016ರಲ್ಲಿ ಹೊರಬಂದ ಕೇಂದ್ರದ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಬರ ನಿರ್ಧಾರಕ್ಕೆ ಮೊದಲು ಮಳೆಯ ಕೊರತೆ ನೋಡುತ್ತಾರೆ. ಆಮೇಲೆ ಬಿತ್ತನೆಯ ಪ್ರಮಾಣ, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲದ ಮಟ್ಟಗಳ ಜೊತೆಗೆ ಉಪಗ್ರಹ ಅಳೆದ ಹಸಿರನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಕೊನೆಗೆ ನೂರಕ್ಕೆ ಹತ್ತು ಹಳ್ಳಿಗಳಲ್ಲಿ ಹೊಲಕ್ಕೇ ಹೋಗಿ ಪರಿಶೀಲಿಸಬೇಕು.

2023ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಆಗ ಕೇಂದ್ರದ ತಂಡದ ಮುಂದೆ ರಾಜ್ಯ ಸರ್ಕಾರ ಒಂದು ಹೊಸ ಮಾತನ್ನಿಟ್ಟಿತು: 'ಹಸಿರು ಬರ'. ಬಿಡಿ ಬಿಡಿಯಾಗಿ ಬಿದ್ದ ಮಳೆಗೆ ಗಿಡ ಹಸಿರಾಗಿ ನಿಂತಿದೆ, ಆದರೆ ಇಳುವರಿ ಇಲ್ಲ ಎಂಬುದು ಅದರ ಅರ್ಥ. ತೊಗರಿ ಬೆಳೆಯುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದರ ತಾಯಿಬೇರು ಎರೆಮಣ್ಣಿನ ಆಳದ ತೇವವನ್ನು ಹಿಡಿದು ಜೀವ ಉಳಿಸಿಕೊಳ್ಳುತ್ತದೆ. ಹೂವು ಮಾತ್ರ ಉದುರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವಂತೆ ಹಸಿರಾಗಿ ಕಂಡದ್ದೆಲ್ಲ ಬೆಳೆಯಲ್ಲ.

ಮುಂದೆ ಈ ಪ್ರಶ್ನೆ ಇನ್ನೂ ಹತ್ತಿರ ಬರಲಿದೆ. ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿಯನ್ನು ನಿರ್ಧರಿಸಲು ಬೆಳೆ ಕಟಾವು ಪ್ರಯೋಗಗಳ ಜೊತೆಗೆ ಉಪಗ್ರಹ ಆಧಾರಿತ ಅಂದಾಜಿಗೆ ಕನಿಷ್ಠ ಶೇಕಡ 30ರ ತೂಕ ಕೊಡುವ ಪದ್ಧತಿ 2023ರಲ್ಲಿ ಭತ್ತ ಮತ್ತು ಗೋಧಿಯಿಂದ ಆರಂಭವಾಯಿತು. ಅದು ತೊಗರಿಯ ಹೊಲಕ್ಕೆ ಕಾಲಿಡುವ ಮೊದಲೇ ನಾವು ಸಿದ್ಧರಾಗಿರುವುದು ಜಾಣತನ.

ಆಗಬೇಕಾದುದೇನು?

ಉಪಗ್ರಹ ಬೇಡವೆಂದು ನಾನು ಹೇಳುತ್ತಿಲ್ಲ. ಒಬ್ಬ ಅಧಿಕಾರಿ ತಿಂಗಳೆಲ್ಲ ತಿರುಗಿದರೂ ನೋಡಲಾಗದಷ್ಟು ನೆಲವನ್ನು ಅದು ಒಂದೇ ನೋಟದಲ್ಲಿ ನೋಡುತ್ತದೆ. ಅದಕ್ಕೆ ಜಾತಿಯಿಲ್ಲ, ಪಕ್ಷವಿಲ್ಲ, ಮುಲಾಜಿಲ್ಲ. ಭೀಮೆ ಉಕ್ಕಿ ಹೊಲ ಹೊಕ್ಕಾಗ ನೀರು ಎಲ್ಲಿಯವರೆಗೆ ಬಂದಿತ್ತೆಂಬುದಕ್ಕೆ ರೇಡಾರ್ ಚಿತ್ರಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ನನ್ನ ತಕರಾರು ಇಷ್ಟೇ: ಆ ಚಿತ್ರ ನಮ್ಮ ಬಗ್ಗೆ ಮಾತಾಡುತ್ತದೆ, ನಮ್ಮೊಡನೆ ಮಾತಾಡುವುದಿಲ್ಲ.

ಹೋಬಳಿಯ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಹದಿನೈದು ದಿನಕ್ಕೊಮ್ಮೆ ಆ ಹೋಬಳಿಯ ಉಪಗ್ರಹ ಚಿತ್ರ ಬರಲಿ. ಯಾವ ಬಣ್ಣಕ್ಕೆ ಏನರ್ಥ, ಹೋದ ವರ್ಷ ಇದೇ ಹೊತ್ತಿಗೆ ಹೇಗಿತ್ತು ಎಂಬುದು ನಾಲ್ಕು ಸಾಲು ಕನ್ನಡದಲ್ಲಿರಲಿ. ಇಸ್ರೋ 2009ರಲ್ಲಿ ತೆರೆದ 'ಭುವನ್' ನಕ್ಷೆಗಳನ್ನು ಓದುವ ಬಗೆಯನ್ನು ಕೃಷಿ ವಿಶ್ವವಿದ್ಯಾಲಯಗಳು ತಮ್ಮ ತರಬೇತಿಗಳಲ್ಲಿ ಕಲಿಸಲಿ. 'ನಿಮ್ಮ ಚಿತ್ರ ತಪ್ಪು, ನನ್ನ ಹೊಲ ಹೀಗಿದೆ' ಎಂದು ರೈತ ಬರೆದುಕೊಡಲು ಒಂದು ದಾಖಲೆ ಪುಸ್ತಕವೂ ಅಲ್ಲಿರಲಿ. 1975ರಲ್ಲಿ ಇಲ್ಲದಿದ್ದ ಮರುಪ್ರಶ್ನೆಯ ದಾರಿ ಇದರಿಂದ ತೆರೆಯುತ್ತದೆ.

ನಮ್ಮ ಪಾಲಿನ ಕೆಲಸವೂ ಇದೆ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ನಿಮ್ಮ ಬೆಳೆಯ ವಿವರವನ್ನು ನೀವೇ ಸರಿಯಾಗಿ ತುಂಬಿರಿ. ತೊಗರಿ ಬಿತ್ತಿದ ಹೊಲದಲ್ಲಿ ಹತ್ತಿ ಎಂದು ದಾಖಲಾದರೆ ಬಿಮೆಯ ಹೊತ್ತಿಗೆ ಪೇಚಾಟ ತಪ್ಪದು. ಬಿತ್ತಿದ ದಿನ, ಮಳೆ ಬಿದ್ದ ದಿನ, ಹೂವು ಉದುರಿದ ದಿನ, ರಾಶಿಯಾದ ಚೀಲಗಳ ಲೆಕ್ಕ ಇವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ಇದಕ್ಕೆ ಖರ್ಚಿಲ್ಲ. ಶಾಲೆಗೆ ಹೋಗುವ ಮಗ ಮಗಳು ಇದ್ದರೆ ಈ ಕೆಲಸ ಅವರಿಗೆ ವಹಿಸಿರಿ. ಭೂಮಿಯ ವಿಜ್ಞಾನ ಅವರಿಗೆ ಹೊಲದಿಂದಲೇ ಆರಂಭವಾಗಲಿ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಉಪಗ್ರಹ ಪ್ರತ್ಯಕ್ಷ ಕಾಣುತ್ತದೆ. ಪ್ರಮಾಣಿಸಿ ಹೇಳಬೇಕಾದವರು ಹೊಲದಲ್ಲಿ ನಿಂತ ನೀವು. ಮುಂದಿನ ಸಲ ರೈತ ಸಂಪರ್ಕ ಕೇಂದ್ರಕ್ಕೆ ಬೀಜಕ್ಕೋ ಗೊಬ್ಬರಕ್ಕೋ ಹೋದಾಗ, 'ನಮ್ಮ ಹೋಬಳಿಯ ಉಪಗ್ರಹ ಚಿತ್ರ ಎಲ್ಲಿ?' ಎಂದೂ ಕೇಳಿರಿ. ಕೇಳುವವರಿದ್ದರೆ ಅದು ಒಂದು ದಿನ ಗೋಡೆಯ ಮೇಲೆ ಬಂದೇ ಬರುತ್ತದೆ.