ಬೂಷ್ಟು ಹಿಡಿದ ಜೋಳ

1974ರ ಕೊನೆಯಲ್ಲಿ ರಾಜಸ್ಥಾನ ಹಾಗೂ ಗುಜರಾತಿನ ಗಡಿಭಾಗದ ಆದಿವಾಸಿ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ತಗಲಿತು, ಹೊಟ್ಟೆಯಲ್ಲಿ ನೀರು ತುಂಬಿತು. ರೋಗಕ್ಕೀಡಾದ 397 ಮಂದಿಯಲ್ಲಿ 106 ಮಂದಿ ತೀರಿಕೊಂಡರು. ಅದೇ ಅಡಿಗೆ ತಿಂದ ನಾಯಿಗಳೂ ಸತ್ತವು. ಕಾರಣ, ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ. ಅದರಲ್ಲಿದ್ದ ಅಫ್ಲಾಟಾಕ್ಸಿನ್ ಎಂಬ ವಿಷ. ಅದನ್ನೆಸೆದು ಬೇರೆ ಧಾನ್ಯ ಕೊಳ್ಳುವ ಶಕ್ತಿ ಆ ಬಡವರಿಗಿರಲಿಲ್ಲ. 2004ರಲ್ಲಿ ಕೆನ್ಯಾದಲ್ಲಿಯೂ ಇಂತಹ ಜೋಳ 125 ಮಂದಿಯನ್ನು ಬಲಿ ತೆಗೆದುಕೊಂಡಿತು.

ವಿಚಿತ್ರವೆಂದರೆ, ವಿಷವನ್ನು ನಿವಾರಿಸಬೇಕಾದ ಪಿತ್ತಜನಕಾಂಗವೇ ಇದನ್ನು ಇನ್ನಷ್ಟು ಉಗ್ರರೂಪಕ್ಕೆ ತಿರುಗಿಸಿಬಿಡುತ್ತದೆ. ಪ್ರಮಾಣ ಹೆಚ್ಚಾದರೆ ಆ ಅಂಗದ ಜೀವಕೋಶಗಳೇ ಸಾಯುತ್ತವೆ. ಅಲ್ಪಸ್ವಲ್ಪವೇ ಆದರೂ ವರ್ಷಗಟ್ಟಲೆ ಒಳಸೇರಿದರೆ ಕ್ಯಾನ್ಸರ್ ಬರಬಹುದು. ಹೆಪಟೈಟಿಸ್ ಬಿ ಸೋಂಕಿದ್ದವರಿಗಂತೂ ಅಪಾಯ ಅನೇಕ ಪಟ್ಟು ಹೆಚ್ಚು. ಚೆನ್ನಾಗಿ ಬೇಯಿಸಿದರಾಯಿತೆಂಬುದು ಹುಸಿ ನಂಬಿಕೆ. ಬೂಷ್ಟು ಸತ್ತರೂ ಅದು ಉಗುಳಿದ ವಿಷ ಉಳಿಯುತ್ತದೆ.

ಅನ್ನ ಉಣ್ಣುವ ನಮಗೆ ಜೋಳದ ಚಿಂತೆಯೇಕೆ ಎಂದು ಓದುಗರು ಕೇಳಬಹುದು. ನೆಲಗಡಲೆಗೂ, ಸರಿಯಾಗಿ ಒಣಗದ ಕೊಬ್ಬರಿಗೂ ಇದೇ ಬೂಷ್ಟು ತಗಲುತ್ತದೆ. ಕೆಟ್ಟ ಹಿಂಡಿ ತಿಂದ ಹಸುವಿನ ಹಾಲಿಗೂ ವಿಷದ ಒಂದಂಶ ಇಳಿದುಬರುತ್ತದೆ. ಮನುಷ್ಯರಿಗಾಗದ್ದನ್ನು ದನಕ್ಕೋ ಕೋಳಿಗೋ ಹಾಕುವ ನಮ್ಮ ಮನೆಗಳ ಮಿತವ್ಯಯ ಇಲ್ಲಿ ಸಲ್ಲದು. ಬಿಸಿಲಿರುವಾಗಲೇ ಚೆನ್ನಾಗಿ ಒಣಗಿಸಿ, ನೆಲದ ತೇವ ತಾಗದಂತೆ ಎತ್ತರದಲ್ಲಿಡುವುದು ಮನೆಯವರ ಹೊಣೆ. ಆದರೆ ಮಳೆಗೆ ಬೆಳೆ ಕೆಟ್ಟ ಊರಿಗೆ ಬದಲಿ ಧಾನ್ಯವನ್ನು ಒಡನೆ ತಲುಪಿಸಬೇಕಾದದ್ದು ಸರಕಾರ. ಬರಿಯ ಎಚ್ಚರಿಕೆಯ ಕರಪತ್ರವನ್ನಲ್ಲ.