ಪಾಲಿಶ್ ನೋಡಬೇಡಿ, ಕುರ್ಚಿ ಮಗುಚಿ ನೋಡಿ

ಶಿವಮೊಗ್ಗದ ವಿನೋಬನಗರದಲ್ಲಿ ಹಳೆಯ ಹೆಂಚಿನ ಮನೆ ಕೆಡವಿ ಮೂರಂತಸ್ತು ಎಬ್ಬಿಸುವಾಗ ಸಾಮಾನು ಹೊರಬೀಳುವುದಕ್ಕೂ ಒಂದು ಕ್ರಮವಿದೆ. ಮೊದಲು ಬಾಗಿಲು, ಕಿಟಕಿ. ಆಮೇಲೆ ಹೆಂಚು, ಪಕಾಸು. ಕೊನೆಗೆ ಅಟ್ಟದ ಮೇಲೆ ಧೂಳು ಹೊದ್ದು ಕೂತಿದ್ದ ಕುರ್ಚಿ, ಮೇಜು, ಪೆಟ್ಟಿಗೆ. ಇವುಗಳಿಗೆ ಬಿಡಿಬಿಡಿ ಬೆಲೆಯೂ ಇಲ್ಲ. ಹಳೇ ಸಾಮಾನಿನವರು ಎಲ್ಲ ಸೇರಿಸಿ ಒಂದು ಮೊತ್ತ ಹೇಳಿ ಲಗೇಜ್ ಆಟೋಕ್ಕೆ ತುಂಬುತ್ತಾರೆ. ವರ್ಷ ಕಳೆದು ಗೃಹಪ್ರವೇಶದ ಹೊತ್ತಿಗೆ ಅದೇ ಮನೆಗೆ ‘ಆಂಟಿಕ್ ಫಿನಿಶ್’ ಸೋಫಾ ಬಂದಿಳಿಯುತ್ತದೆ. ನಿಜವಾದ ಸಾಗುವಾನಿ ಕೊಟ್ಟು, ಸಾಗುವಾನಿ ಬಣ್ಣ ಬಳಿದ ಯಾವುದೋ ಮರ ತರುವ ಈ ವ್ಯಾಪಾರದಲ್ಲಿ ನಷ್ಟ ಯಾರಿಗೆಂದು ಬಿಡಿಸಿ ಹೇಳಬೇಕಿಲ್ಲ.

ಹಳತೆಲ್ಲ ಚಿನ್ನ ಎಂಬ ವಾದವೂ ಇಲ್ಲಿ ಕೆಲಸಕ್ಕೆ ಬಾರದು. ಪೀಠೋಪಕರಣದ ಅಂಗಡಿಯಲ್ಲಿ ‘ಆಂಟಿಕ್’, ‘ವಿಂಟೇಜ್’ ಎಂಬ ಮಾತುಗಳು ಬೆಲೆ ಏರಿಸಲಿಕ್ಕಷ್ಟೇ ಬಳಕೆಯಾಗುತ್ತಿವೆ. ಕಾನೂನಿನ ಲೆಕ್ಕ ಬೇರೆ. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆ ನೂರು ವರ್ಷ ತುಂಬಿದ, ಕಲೆ ಅಥವಾ ಕುಶಲಕರ್ಮದ ಮಹತ್ವವಿರುವ ವಸ್ತುವನ್ನು ಪ್ರಾಚ್ಯವಸ್ತು ಎನ್ನುತ್ತದೆ. ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಮುತ್ತಜ್ಜನ ಕಾಲದ ಕೆತ್ತನೆಯ ಪೆಟ್ಟಿಗೆಯನ್ನು ಅಮೆರಿಕದಲ್ಲಿರುವ ಮಗನ ಮನೆಗೆ ಕಳಿಸುವ ಆಸೆಯಿರುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಪೆಟ್ಟಿಗೆ ಬೀಟೆಯದಾದರೆ ತೊಡಕು ಎರಡು ಪಟ್ಟು: 2017ರಿಂದ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ.

ಮಲೆನಾಡಿನ ಹಳೆಯ ಮನೆಯಲ್ಲಿ ಏನಿತ್ತು ಎಂದು ತಿಳಿಯಲು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಿಬರಬಹುದು. ಕುವೆಂಪು ಅವರ ಪೂರ್ವಿಕರ ತೊಟ್ಟಿಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿನ ಕಂಬಗಳನ್ನೂ ಗೃಹೋಪಯೋಗಿ ಸಾಮಾನುಗಳನ್ನೂ ನೋಡಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ಮರದ ಕೆಲಸವೆಲ್ಲ ಮನೆಯ ಮೈಗೆ ಸಂದಿದೆ. ಕೂರಲು ಜಗಲಿ, ಉಣ್ಣಲು ಮಣೆ, ಮಲಗಲು ಚಾಪೆ, ಕೆಲವರಿಗೆ ಮಂಚ. ಉಳಿದಂತೆ ಕಣಜ, ಪೆಟ್ಟಿಗೆ, ತೊಟ್ಟಿಲು. ಸೋಫಾ, ಊಟದ ಮೇಜು ಎಲ್ಲಿಂದ ಬರಬೇಕು? ಹೋಮ್‌ಸ್ಟೇಗಳಿಗೆಂದು ‘ಸಾಂಪ್ರದಾಯಿಕ ಮಲೆನಾಡು ಡೈನಿಂಗ್ ಟೇಬಲ್’ ಮಾರುವವರು ಮಲೆನಾಡಿನಲ್ಲಿ ಎಂದೂ ಇಲ್ಲದಿದ್ದ ಪರಂಪರೆಯನ್ನು ಮಾರುತ್ತಿದ್ದಾರೆ. ಉದ್ದ ಕೈಯ, ಬೆತ್ತ ಹೆಣೆದ ಆರಾಮ ಕುರ್ಚಿ ಕೂಡ ತೋಟದ ಬಂಗಲೆಗಳಿಂದ, ಬ್ರಿಟಿಷ್ ಅಧಿಕಾರಿಗಳ ವರಾಂಡಗಳಿಂದ ಒಳಗೆ ಬಂದದ್ದು. ಬಂದರೆ ತಪ್ಪೇನಿಲ್ಲ, ಅದರಷ್ಟು ಸುಖದ ಕುರ್ಚಿ ಇನ್ನೊಂದಿಲ್ಲ.

ಮನೆಗೆ ನಿಜವಾದ ಹಳೆಯ ವಸ್ತು ಬೇಕೆನ್ನುವವರು ಹುಡುಕಬೇಕಾದದ್ದು ಪೆಟ್ಟಿಗೆಯನ್ನು. ಮೂವತ್ತು–ನಲವತ್ತರ ಸೈಟಿನ ಮನೆಯಲ್ಲೂ ಅದಕ್ಕೆ ಜಾಗವಿದೆ. ಒಳಗೆ ಹಾಸಿಗೆ ಹೊದಿಕೆ ತುಂಬಬಹುದು, ಮೇಲೆ ಕೂರಬಹುದು. ನಾಲ್ಕು ಕಂಬದ ಮಂಚಕ್ಕೆ ಈ ಭಾಗ್ಯವಿಲ್ಲ. ಮೆಟ್ಟಿಲ ತಿರುವಿನಲ್ಲೇ ಅದು ಸಿಕ್ಕಿಕೊಳ್ಳುತ್ತದೆ, ಹತ್ತಡಿ ಕೋಣೆಗೆ ಹೊಕ್ಕರೆ ಬೀರುವಿನ ಬಾಗಿಲು ತೆರೆಯಲು ಬಿಡುವುದಿಲ್ಲ. ತೂಗುಮಂಚದ ಆಸೆಯಿದ್ದರಂತೂ ಸ್ಲ್ಯಾಬ್ ಹಾಕುವ ದಿನವೇ ಕೊಂಡಿ ಬಿಡಿಸಿಕೊಳ್ಳಬೇಕು. ಆಮೇಲೆ ಡ್ರಿಲ್ ಹಿಡಿದು ಆರ್‌ಸಿಸಿಯ ಜೊತೆ ಗುದ್ದಾಡುವುದು ಜಾಣತನವಲ್ಲ.

ಇವೆಲ್ಲಕ್ಕಿಂತ ಹೆಚ್ಚು ಅನ್ಯಾಯವಾಗುತ್ತಿರುವುದು ನಡುವಿನ ತಲೆಮಾರಿನ ಸಾಮಾನಿಗೆ, ಅಂದರೆ ಸ್ವಾತಂತ್ರ್ಯ ಬಂದ ಮೇಲಿನ ನಾಲ್ಕೈದು ದಶಕಗಳಲ್ಲಿ ಆಚಾರಿಗಳು ಮನೆ, ಶಾಲೆ, ಕಚೇರಿಗಳಿಗೆ ಮಾಡಿಕೊಟ್ಟ ಬೆತ್ತದ ಕುರ್ಚಿ, ಓದುವ ಮೇಜು, ಗಾಜಿನ ಬಾಗಿಲಿನ ಪುಸ್ತಕದ ಕಪಾಟುಗಳಿಗೆ. ಅವುಗಳಲ್ಲಿ ಕೆತ್ತನೆ ಇಲ್ಲ, ಆದ್ದರಿಂದ ಆಂಟಿಕ್ ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ. ಹೊಳಪಿಲ್ಲ, ಆದ್ದರಿಂದ ಹೊಸತು ಬೇಕೆನ್ನುವವರಿಗೆ ಹಿಡಿಸುವುದಿಲ್ಲ. ಆದರೆ ಅವುಗಳ ಅಳತೆ ನೋಡಿ: ಕ್ವಾರ್ಟರ್ಸಿನ ಸಣ್ಣ ಕೋಣೆಗೆಂದು ಮಾಡಿದ್ದು ಇಂದಿನ ಸಣ್ಣ ಹಾಲಿಗೂ ಸರಿಯಾಗಿ ಕೂರುತ್ತದೆ.

ಉಕ್ಕಿನ ಸಾಮಾನೂ ಈ ಸಾಲಿಗೇ ಸೇರಬೇಕು. ಮಲೆನಾಡಿನ ಕಟ್ಟಿಗೆಯನ್ನು ಇದ್ದಿಲು ಮಾಡಿ ಅದಿರು ಕರಗಿಸುತ್ತಿದ್ದ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಹೊರತೆಗೆಯಲು ಶುರುಮಾಡಿದ್ದು 1923ರಲ್ಲಿ. ಗೋದ್ರೇಜ್ ಕಂಪನಿ ತನ್ನ ಮೊದಲ ಉಕ್ಕಿನ ಬೀರು ಮಾಡಿದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ, ಆದರೂ ಕಾಡಿನ ನಾಡಿನ ಮನೆಗಳಿಗೆ ಕಬ್ಬಿಣ ಒಳಹೊಕ್ಕ ಕಥೆ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗಲಾರದು. ಮದುವೆಯಲ್ಲಿ ಬಂದ ಹಸಿರು ಬೀರುವನ್ನು ಇಂದು ಗುಜರಿಗೆ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಗೆದ್ದಲು ಮುಟ್ಟದ, ಮಳೆಗಾಲಕ್ಕೆ ಉಬ್ಬದ ಅದಕ್ಕೆ ತುಕ್ಕು ಉಜ್ಜಿ ಹೊಸ ಬಣ್ಣ ಹೊಡೆಸಿದರೆ ಇನ್ನೊಂದು ತಲೆಮಾರು ಕಳೆಯುತ್ತದೆ.

ಹೊಸದನ್ನು ಕೊಳ್ಳಲೇಬಾರದೆಂದಲ್ಲ. ಹಾಸಿಗೆಯಡಿ ಡ್ರಾಯರ್ ಇರುವ ಮಂಚ, ಅಡುಗೆಮನೆಯ ಕಪಾಟು, ಕಂಪ್ಯೂಟರ್ ಮುಂದೆ ಎಂಟು ಗಂಟೆ ಕೂರುವವರ ಕುರ್ಚಿ, ಇವೆಲ್ಲ ಹೊಸದೇ ಇರಲಿ. ಬೆನ್ನಿಗೆ ಪರಂಪರೆಯ ಹಂಗಿಲ್ಲ. ಇಲ್ಲಿ ಶತ್ರು ಮಳೆಗಾಲ. ಒತ್ತಿದ ಮರದ ಹೊಟ್ಟಿಗೆ ಮೇಲೊಂದು ತೆಳು ಹಾಳೆ ಅಂಟಿಸಿದ ಪಾರ್ಟಿಕಲ್ ಬೋರ್ಡು ಜುಲೈನ ಥಂಡಿಗೆ ಅಂಚಿನಿಂದ ನೀರು ಕುಡಿಯುತ್ತದೆ, ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ. ಒಮ್ಮೆ ಬಿಟ್ಟ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಕೂರುವುದಿಲ್ಲ. ನೀರು ತಾಗುವ ಜಾಗಕ್ಕೆ ಪ್ಲೈವುಡ್ ತರುವುದಾದರೆ ಹಲಗೆಯ ಮೇಲೆ ಐಎಸ್ 710 ಎಂಬ ಮುದ್ರೆ ಇದೆಯೇ ಎಂದು ಕಣ್ಣಾರೆ ನೋಡಬೇಕು. ಅದು ಮೆರೈನ್ ಪ್ಲೈವುಡ್ಡಿನ ಭಾರತೀಯ ಮಾನಕ. ಆನ್‌ಲೈನಿನಲ್ಲಿ ‘ರೋಸ್‌ವುಡ್’ ಎಂದು ಬರುವುದು ಬಹಳ ಸಲ ಉತ್ತರದ ಶೀಶಮ್. ಅದು ಬೀಟೆಯ ದಾಯಾದಿಯೇ ಹೊರತು ಬೀಟೆಯಲ್ಲ. ಮರ ಕೆಟ್ಟದ್ದೇನಲ್ಲ, ಆದರೆ ಜೋಧಪುರದ ಒಣಹವೆಯಲ್ಲಿ ತಯಾರಾದ ಡ್ರಾಯರು ಇಲ್ಲಿನ ಮಳೆಯಲ್ಲಿ ಬಿಗಿದುಕೊಂಡರೆ ಆಶ್ಚರ್ಯಪಡಬೇಕಿಲ್ಲ.

ಅಕೇಶಿಯಾದ ಬಗ್ಗೆಯೂ ಒಂದು ಮಾತು. ಮಲೆನಾಡಿನ ಗುಡ್ಡಗಳಲ್ಲಿ ಮೈಸೂರು ಪೇಪರ್ ಮಿಲ್ಸ್ ಕಾಗದಕ್ಕೆಂದು ಬೆಳೆಸಿದ ಈ ಮರವನ್ನು ಪರಿಸರಪ್ರಿಯರು ದ್ವೇಷಿಸುತ್ತಾರೆ, ಅದಕ್ಕೆ ಸಕಾರಣವೂ ಇದೆ. ಹೊಸ ನೆಡುತೋಪು ಬೇಡ. ಈಗಾಗಲೇ ಬೆಳೆದು ನಿಂತ ಮರ ಮಾತ್ರ ಸೌದೆಯಾಗುವುದಕ್ಕಿಂತ ಮೇಜಾಗುವುದು ಮೇಲು. ಬಲಿತ ಅಕೇಶಿಯಾಕ್ಕೆ ಒಳ್ಳೆಯ ಗಟ್ಟಿತನವೂ ಕಂದು ಬಣ್ಣವೂ ಇದೆ. ಹಸಿ ಹಲಗೆ ಕೊಯ್ದು ಕೂಡಲೇ ಕೆಲಸಕ್ಕೆ ಹಚ್ಚಿದರೆ ಬಿರಿಯುತ್ತದೆ, ಚೆನ್ನಾಗಿ ಒಣಗಿಸಿದರೆ ಸಾಗುವಾನಿಯ ಅರ್ಧದಷ್ಟು ಗತ್ತಾದರೂ ತೋರುತ್ತದೆ. ಒಣಗಿಸುವ ತಾಳ್ಮೆ ಇರುವ ಆಚಾರಿಯನ್ನು ಹುಡುಕುವುದೇ ಕಷ್ಟದ ಕೆಲಸ.

ಹಳತಾಗಲಿ ಹೊಸತಾಗಲಿ, ಕೊಳ್ಳುವ ಮೊದಲು ಕುರ್ಚಿಯನ್ನು ಮಗುಚಬೇಕು. ಮೇಲಿನ ಪಾಲಿಶ್ ಏನನ್ನಾದರೂ ಹೇಳೀತು, ತಳಕ್ಕೆ ಸುಳ್ಳು ಬರುವುದಿಲ್ಲ. ಕಾಲಿನ ತೂತಿಗೆ ಅಡ್ಡಪಟ್ಟಿಯ ತುದಿ ಬಿಗಿಯಾಗಿ ಕೂತಿದೆಯೋ ಅಥವಾ ಅಂಟು, ಮೊಳೆಗಳ ಮೇಲೆ ನಿಂತಿದೆಯೋ ಅಲ್ಲಿ ಕಾಣುತ್ತದೆ. ಕೈಯ ಕೀಸುಳಿ ಹಾದುಹೋದ ಹಲಗೆಯ ಮೇಲೆ ಬೆರಳಾಡಿಸಿದರೆ ಸಣ್ಣ ಏರಿಳಿತ ಸಿಗುತ್ತದೆ. ‘ನೂರು ವರ್ಷದ್ದು’ ಎಂಬ ಪೆಟ್ಟಿಗೆಯ ಒಳಮೈ ಗಾಜಿನಷ್ಟು ನುಣುಪಾಗಿದ್ದರೆ ಇನ್ನೊಂದು ಪ್ರಶ್ನೆ ಕೇಳಬೇಕು. ಸೂಜಿಮೊನೆಯಷ್ಟು ತೂತುಗಳಿಂದ ಹೊಸ ಬಿಳಿಹುಡಿ ಉದುರುತ್ತಿದ್ದರೆ ಹುಳ ಇನ್ನೂ ಒಳಗಿದೆ. ಅದನ್ನು ಮನೆಯೊಳಗೆ ತಂದರೆ ಬಾಗಿಲ ಚೌಕಟ್ಟಿಗೂ ದಾರಿ ತೋರಿಸಿದ ಹಾಗೆ.

ಇನ್ನು ಹಳೆಯ ಮನೆಗಳ ಕಂಬ, ಮುಚ್ಚಿಗೆಗಳನ್ನು ಕಿತ್ತು ರೆಸಾರ್ಟ್ ಸಿಂಗರಿಸುವ ಹುಚ್ಚು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಅಳಿವಿನಂಚಿನ ಮನೆಗಳನ್ನು ಇಡಿಯಾಗಿ ಬಿಚ್ಚಿ ತಂದು ಮತ್ತೆ ಕಟ್ಟಿಸಿದ ಹಸ್ತಶಿಲ್ಪದ ಪಾರಂಪರಿಕ ಗ್ರಾಮವನ್ನು ಇದಕ್ಕೆ ಸಮರ್ಥನೆಯಾಗಿ ತೋರಿಸುವವರಿದ್ದಾರೆ. ಆದರೆ ಅಲ್ಲಿ ಕಂಬ ತನ್ನ ಮನೆಯನ್ನು ಹೊತ್ತುಕೊಂಡೇ ನಿಂತಿದೆ. ಸ್ವಾಗತ ಕೌಂಟರಿನ ಪಕ್ಕ ಏನನ್ನೂ ಹೊರದೆ ನಿಂತ ಕಂಬ ಬೇರೆ ವಿಷಯ.

ಚಂಡೀಗಢದಲ್ಲಿ ನಡೆದದ್ದು ಇಲ್ಲಿಗೂ ಪಾಠ. 1950ರ ದಶಕದಲ್ಲಿ ಆ ಹೊಸ ನಗರದ ಕಚೇರಿಗಳಿಗೆಂದು ಪಿಯರ್ ಜೆನರೆ ಮತ್ತು ಅವರ ಸಂಗಡಿಗರು ವಿನ್ಯಾಸಗೊಳಿಸಿ, ಸ್ಥಳೀಯ ಬಡಗಿಗಳು ತೇಗ ಮತ್ತು ಬೆತ್ತದಲ್ಲಿ ಮಾಡಿದ ಕುರ್ಚಿಗಳನ್ನು ಸರ್ಕಾರವೇ ಗುಜರಿಯ ಬೆಲೆಗೆ ಹರಾಜು ಹಾಕಿತು. ಅವು ಯುರೋಪ್, ಅಮೆರಿಕದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಬಿಕರಿಯಾದವು. ನೂರು ವರ್ಷ ತುಂಬದ ಕಾರಣ 1972ರ ಕಾಯ್ದೆ ನೆರವಿಗೆ ಬರಲಿಲ್ಲ. ಕೇಂದ್ರ ಗೃಹ ಸಚಿವಾಲಯ ರಫ್ತಿಗೆ ತಡೆ ಹಾಕುವಷ್ಟರಲ್ಲಿ 2011 ಬಂದಿತ್ತು. ಶಿವಮೊಗ್ಗ, ಭದ್ರಾವತಿಯ ಕಚೇರಿ ಉಗ್ರಾಣಗಳಲ್ಲಿ ಜೆನರೆ ಕುರ್ಚಿ ಸಿಗಲಿಕ್ಕಿಲ್ಲ. ಆದರೂ ಹಳೆಯ ಮರದ ಸಾಮಾನನ್ನು ನಿರುಪಯುಕ್ತ ಎಂದು ಷರಾ ಬರೆದು ಒಟ್ಟಾಗಿ ಹರಾಜು ಹಾಕುವ ಮೊದಲು ಶಿವಪ್ಪ ನಾಯಕ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯದವರು ಒಮ್ಮೆ ಬಂದು ನೋಡಲಿ. ಅವರು ಬೇಡವೆಂದದ್ದನ್ನು ಗುತ್ತಿಗೆದಾರರಿಗೆ ಲಾರಿಗಟ್ಟಲೆ ಕೊಡುವ ಬದಲು ಬಿಡಿಬಿಡಿಯಾಗಿ, ಬೆಲೆಚೀಟಿ ಹಚ್ಚಿ, ಒಂದು ಭಾನುವಾರ ಸಾರ್ವಜನಿಕರ ಮುಂದಿಡಲಿ. ವಿನೋಬನಗರದ ಹೊಸ ಮನೆಗಳಿಗೆ ಬೇಕಾದ ಕುರ್ಚಿಗಳಲ್ಲಿ ಕೆಲವಾದರೂ ಅಲ್ಲೇ ಸಿಕ್ಕಾವು.